ಒಂದು ಮಗ್ಗ, ಎರಡು ಹಾಸು

ನಮ್ಮ ಮನೆಗೆ ಕಂಪ್ಯೂಟರ್ ಬಂದ ದಿನ ಆಯಿ ಅದಕ್ಕೆ ಕುಂಕುಮ ಹಚ್ಚಿದಳು. ಹಚ್ಚಿದ್ದು ಪರದೆಯ ನಟ್ಟನಡುವೆ. ಒರೆಸಲು ಹೋದ ನನ್ನ ಕೈಗೆ ಫಟ್ಟನೆ ಒಂದು ಏಟು ಬಿತ್ತು. "ಮನಿಗೆ ಬಂದ ಯಂತ್ರದ ಹಣಿ ಬೋಳ ಇಡಬಾರದು" ಎಂದಳು. ಹೀಗಾಗಿ ಅದರ ಮೇಲೆ ನಾನು ಏನೇ ತೆರೆದರೂ ಮಧ್ಯದಲ್ಲೊಂದು ಕೆಂಪು ಬೊಟ್ಟು ಇರುತ್ತಿತ್ತು. ಕೆಲವು ದಿನ ಸಿಡಿಮಿಡಿಗೊಂಡೆ, ಆಮೇಲೆ ರೂಢಿಯಾಯಿತು.

ಆಯಿ ಎಂದರೆ ಅಪ್ಪನ ತಾಯಿ. ಇಳಕಲ್ಲಿನ ನೇಕಾರರ ಓಣಿಯಲ್ಲಿ ನಮ್ಮದು ಎರಡು ಕುಣಿಮಗ್ಗದ ಮನೆ. ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲು ಇಳಿಬಿಟ್ಟು ಕೂತು ನೇಯಬೇಕು. ಒಂದರಲ್ಲಿ ಅಪ್ಪ ಕೂರುತ್ತಿದ್ದ, ಇನ್ನೊಂದರಲ್ಲಿ ಅವ್ವ. ಆಯಿಯ ಕಣ್ಣು ಮಬ್ಬಾಗಿ ಆಗಲೇ ವರ್ಷಗಳಾಗಿದ್ದವು. ದವಾಖಾನೆಗೆ ಹೋಗಿ ಪೊರೆ ತೆಗೆಸಿದರೂ ಬೆಳಕು ಕಂಡಿತೇ ಹೊರತು ಎಳೆ ಕಾಣಲಿಲ್ಲ. ಹಾಗಂತ ಅವಳು ಸುಮ್ಮನೆ ಕೂರುವವಳಲ್ಲ. ಎರಡು ಮಗ್ಗಗಳ ನಡುವೆ ಗೋಡೆಗೊರಗಿ ಕೂತು, ಲಾಳಿಯ ಸದ್ದು ಕೇಳಿಯೇ ಇಬ್ಬರಿಗೂ ಬೈಯುತ್ತಿದ್ದಳು.

ಕಂಪ್ಯೂಟರ್ ಬಂದದ್ದು ಬಾಗಲಕೋಟೆಯಿಂದ. ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾಗಿದ್ದವು. ಹಳೆಯ ಬಾಗಲಕೋಟೆಗೆ ಹಿನ್ನೀರು ಬಂದು ಜನ ನವನಗರಕ್ಕೆ ಗಂಟುಮೂಟೆ ಸಾಗಿಸುತ್ತಿದ್ದ ಕಾಲ. ನಾನು ಕಂಪ್ಯೂಟರ್ ಕಲಿತ ಸಣ್ಣ ಸಂಸ್ಥೆಯೂ ಜಾಗ ಖಾಲಿ ಮಾಡಿತು. ಹೊಸ ಕಟ್ಟಡಕ್ಕೆ ಹಳೆಯ ಯಂತ್ರಗಳು ಬೇಡವೆಂದು ಅಲ್ಲಿಯ ಸರ್ ಅವುಗಳನ್ನು ಹಳೆಯ ವಿದ್ಯಾರ್ಥಿಗಳಿಗೇ ಹಂಚಿಬಿಟ್ಟರು. ನನ್ನ ಪಾಲಿಗೆ ಬಂದದ್ದರಲ್ಲಿ ಲಿನಕ್ಸ್ ಹಾಕಿಕೊಟ್ಟಿದ್ದರು. ಲಿನಕ್ಸ್ ಯಾರು ಬೇಕಾದರೂ ಹಾಕಿಕೊಳ್ಳಬಹುದಾದ, ಹಂಚಿಕೊಳ್ಳಬಹುದಾದ ವ್ಯವಸ್ಥೆ ಎನ್ನುವುದೊಂದು ಗೊತ್ತಿತ್ತು. ಅದಕ್ಕಿಂತ ಹೆಚ್ಚು ಗೊತ್ತಿರಲಿಲ್ಲ. ಮೌಸ್ ಹಿಡಿದು ಒತ್ತಲು ಬಂದರೆ ಕಂಪ್ಯೂಟರ್ ಬಂತು ಎಂದುಕೊಂಡ ಹುಡುಗಿಯರ ಪೈಕಿ ನಾನು.

ಪರದೆಯ ಮೇಲೆ ಕಾಣುವ ಕಿಟಕಿ, ಪಟ್ಟಿ, ಗುಂಡಿ, ಬಣ್ಣ ಇವೆಲ್ಲ ಸೇರಿ ಡೆಸ್ಕ್‌ಟಾಪ್ ಎನ್ನುತ್ತಿದ್ದರು. ನನ್ನ ಯಂತ್ರದ ಡೆಸ್ಕ್‌ಟಾಪಿಗೆ ಗುರುತಾಗಿ ಒಂದು ಪಾದದ ಚಿತ್ರವಿತ್ತು. ಆಯಿಗೆ ಹೇಳಿದಾಗ, "ಹಂಗಾದ್ರ ಅದಕ್ಕೂ ಕೈ ಮುಗಿಯೂದ" ಎಂದು ಮುಗಿದೇಬಿಟ್ಟಳು. ಪಾದವೇನೋ ಚಂದವಿತ್ತು, ಆದರೆ ನಡಿಗೆ ಮಾತ್ರ ಬಸುರಿ ಎಮ್ಮೆಯದು. ಹಳೆಯ ಯಂತ್ರ, ಪುಟ್ಟ ಮೆಮೊರಿ, ಮೇಲೆ ಇಷ್ಟು ದೊಡ್ಡ ಸಂಸಾರ. ಒಂದು ಕಿಟಕಿ ತೆರೆಯಲು ಹೇಳಿ, ಒಲೆಯ ಮೇಲಿನ ಚಹಾ ಇಳಿಸಿ ಬಂದರೆ ಆಗ ಅರ್ಧ ತೆರೆದಿರುತ್ತಿತ್ತು.

ಅದನ್ನು ಹಾಗೆಯೇ ಸಹಿಸಿಕೊಂಡು ಇರುತ್ತಿದ್ದೆನೇನೋ. ಆದರೆ ಅಷ್ಟರಲ್ಲಿ ಆಯಿಯ ಸೀರೆಯ ಮಾತು ಬಂತು.

ಹುನಗುಂದಕ್ಕೆ ಕೊಟ್ಟಿದ್ದ ಅಕ್ಕ ಚೊಚ್ಚಲ ಹೆರಿಗೆಗೆ ಮನೆಗೆ ಬಂದಿದ್ದಳು. ನಮ್ಮಲ್ಲಿ ಹುಟ್ಟಿದ ಕೂಸನ್ನು ಹೊಸ ಬಟ್ಟೆಯ ಮೇಲೆ ಮಲಗಿಸುವುದಿಲ್ಲ. ಮನೆಯ ಹಿರಿಯಳು ಉಟ್ಟು ಸವೆಸಿದ ಸೀರೆಯನ್ನು ಒಳಗಿಟ್ಟು ಹೊಲಿದ ಕೌದಿಯೇ ಬೇಕು. ಮೆತ್ತಗೂ ಇರುತ್ತದೆ, ಹಿರಿಯರ ಹಾರೈಕೆಯೂ ಇರುತ್ತದೆ ಎಂದು ನಂಬಿಕೆ. ಆಯಿ ತನ್ನ ಟ್ರಂಕಿನ ತಳದಿಂದ ಒಂದು ಸೀರೆ ತೆಗೆದಳು. ಅವಳ ಮದುವೆಯಾದ ಹೊಸತರಲ್ಲಿ ಮುತ್ಯಾ, ಅಂದರೆ ನಮ್ಮ ಅಜ್ಜ, ತಾನೇ ನಕ್ಷೆ ಕಟ್ಟಿ ನೇಯ್ದ ಸೀರೆ ಅದು. ಅದರ ದಡಿಯನ್ನು, ಅಂದರೆ ಅಂಚನ್ನು, ನಾನು ಬೇರೆ ಯಾವ ಸೀರೆಯಲ್ಲೂ ನೋಡಿಲ್ಲ. ಗಂಡ ಹೆಂಡತಿ ಜೋಡಿಯಾಗಿ ಬಾದಾಮಿಯ ಬನಶಂಕರಿಗೆ ಹೋಗಿ ಬಂದ ಮೇಲೆ, ಅಲ್ಲಿಯ ಹೊಂಡದ ಮೆಟ್ಟಿಲುಗಳನ್ನೇ ಮುತ್ಯಾ ದಡಿಗೆ ಇಳಿಸಿದ್ದ. ಎರಡೂ ಕಡೆಯಿಂದ ಮೆಟ್ಟಿಲು ಇಳಿದು ಬರುತ್ತವೆ, ನಡುವೆ ನೀರು, ಮೇಲೊಂದು ಗಿಣಿ. ಮತ್ತೆ ಮೆಟ್ಟಿಲು, ಮತ್ತೆ ನೀರು, ಮತ್ತೆ ಗಿಣಿ. ಮನೆಯಲ್ಲಿ ಅದಕ್ಕೆ ಹೊಂಡದ ದಡಿ ಎಂದೇ ಹೆಸರು.

ಮುತ್ಯಾ ಆ ದಡಿಯನ್ನು ನೇಯ್ದದ್ದು ಅದೊಂದೇ ಸಲ. ಅಪ್ಪ ಇನ್ನೂ ಅಂಬೆಗಾಲಿಡುವಾಗಲೇ ಮುತ್ಯಾ ತೀರಿಕೊಂಡ. ಅಪ್ಪ ಮಗ್ಗ ಕಲಿತದ್ದು ತನ್ನ ಕಾಕಾನಿಂದ. ತಂದೆಯ ಕೈಯನ್ನು ಅವನು ನೋಡಿದ್ದು ಈ ಸೀರೆಯಲ್ಲಿ ಮಾತ್ರ.

"ಸೀರಿ ಕೂಸಿಗೆ ಹೋಗ್ಲಿ. ಆದ್ರ ದಡಿ ನನಗ ವಾಪಸ್ ಬೇಕು" ಎಂದಳು ಆಯಿ. "ನಾ ಕಣ್ಣು ಮುಚ್ಚೂದ್ರಾಗ ಒಮ್ಮೆ ಬೆರಳಿಲೆ ಮುಟ್ಟಬೇಕು."

"ನೇಯ್ದು ನಿನ್ನ ಕೈಯಾಗ ಇಡ್ತೇನಿ ಅವ್ವಾ" ಎಂದ ಅಪ್ಪ. ಅವನು ಮಾತು ಕೊಡುವುದು ಕಡಿಮೆ. ಕೊಟ್ಟರೆ ಅದನ್ನೇ ಹೊದ್ದು ಮಲಗುವ ಮನುಷ್ಯ.

ನೇಯಬೇಕಾದರೆ ಮೊದಲು ನಕ್ಷೆ ಬೇಕು. ಹಳೆಯ ದಡಿಯ ನಕ್ಷೆ ತೆಗೆಯುವುದೆಂದರೆ ಅದರ ಒಂದೊಂದೇ ಎಳೆಯನ್ನು ಸೂಜಿಯಿಂದ ಎಬ್ಬಿಸಿ, ಯಾವುದು ಮೇಲಿದೆ ಯಾವುದು ಕೆಳಗಿದೆ ಎಂದು ನೋಡಿ, ಚೌಕಳಿ ಹಾಳೆಯ ಮೇಲೆ ಒಂದೊಂದು ಮನೆ ತುಂಬುತ್ತ ಹೋಗುವುದು. ಅಪ್ಪ ಹಾಳೆಯ ಮೇಲೆಯೇ ಶುರು ಮಾಡಿದ. ಅಳಿಸಿ ಅಳಿಸಿ ಹಾಳೆ ತೂತು ಬಿತ್ತು. ಆಗ ನಾನು ದೊಡ್ಡಸ್ತಿಕೆಯಿಂದ ಹೇಳಿದೆ, ಕಂಪ್ಯೂಟರಿನಲ್ಲಿ ಎಷ್ಟು ಸಲ ಅಳಿಸಿದರೂ ತೂತು ಬೀಳುವುದಿಲ್ಲ ಎಂದು.

ಹೀಗೆ ನಮ್ಮಿಬ್ಬರ ಕೆಲಸ ಕೂಡಿಬಂತು. ಅಪ್ಪ ಬಾಗಿಲ ಬೆಳಕಿಗೆ ಕೂತು, ಒಂದು ಕೈಯಲ್ಲಿ ಭೂತಗನ್ನಡಿ, ಇನ್ನೊಂದರಲ್ಲಿ ಸೂಜಿ ಹಿಡಿದು ಕೂಗುತ್ತಿದ್ದ: "ಎತ್ತು. ಎತ್ತು. ಬಿಡು. ಎತ್ತು. ಬಿಡು, ಬಿಡು." ಎತ್ತು ಎಂದರೆ ನಾನು ಪರದೆಯ ಮೇಲೆ ಒಂದು ಕಪ್ಪು ಮನೆ ತುಂಬಬೇಕು. ಬಿಡು ಎಂದರೆ ಬಿಳಿ ಬಿಡಬೇಕು. ಅಪ್ಪನ ನಾಲಿಗೆ ಮುಂದೆ ಹೋಗಿಬಿಡುತ್ತಿತ್ತು, ಪಾದದ ಡೆಸ್ಕ್‌ಟಾಪ್ ಹಿಂದೆ ಕುಂಟುತ್ತಿತ್ತು. ನಾನು "ತಡಿಯಪಾ" ಎನ್ನುತ್ತಿದ್ದೆ. ಅಪ್ಪನಿಗೆ ಎಣಿಕೆ ತಪ್ಪುತ್ತಿತ್ತು. ನಡುವೆ ಆಯಿ ಗೋಡೆಯ ಕಡೆಯಿಂದ, "ಎದ್ದೀತಿಲ್ಲೋ ನಿನ್ನ ಯಂತ್ರಾ, ಇನ್ನೂ ಮುಖಾ ತೊಳಕೊಳ್ಳಾಕತ್ತೈತೋ?" ಎಂದು ಕೇಳುತ್ತಿದ್ದಳು. ನನಗೆ ತಾಳ್ಮೆ ಮೊದಲೇ ಕಡಿಮೆ. ಎಷ್ಟೋ ಸಲ ಮೌಸನ್ನು ಕುಣಿಗೆ ಒಗೆಯುವಷ್ಟು ಸಿಟ್ಟು ಬಂದಿದೆ.

ಒಂದು ದಿನ ಅಪ್ಪ ಸೂಜಿ ಅಲ್ಲೇ ನಿಲ್ಲಿಸಿ ಬಹಳ ಹೊತ್ತು ದಡಿಯನ್ನೇ ನೋಡಿದ. ಆಮೇಲೆ ಆಯಿಗೆ ಕೇಳದಂತೆ ಮೆಲ್ಲಗೆ ಹೇಳಿದ, "ಇಲ್ಲೆ ನಮ್ಮಪ್ಪ ತಪ್ಪ್ಯಾನ. ಎಡಕ ಇದ್ದಷ್ಟು ಮೆಟ್ಟಲಾ ಬಲಕ ಇಲ್ಲ. ಒಂದು ಕಡಿಮಿ ಐತಿ. ಸರಿ ಮಾಡಿಬಿಡು."

ಮುಂದಿನ ಹೊಂಡ ನೋಡಿದೆವು, ಅದರ ಮುಂದಿನದನ್ನೂ ನೋಡಿದೆವು. ಎಲ್ಲದರಲ್ಲೂ ಬಲಕ್ಕೆ ಒಂದು ಮೆಟ್ಟಿಲು ಇರಲಿಲ್ಲ. ನಕ್ಷೆಯಲ್ಲೇ ಬಿಟ್ಟುಹೋದದ್ದು ಉದ್ದಕ್ಕೂ ಹಾಗೇ ಬಂದಿತ್ತು.

"ಇದ್ದದ್ದನ್ನ ಇದ್ದಂಗ ತುಂಬತೇನಿ. ನೀ ನೇಯುವಾಗ ಬೇಕಾದ್ರ ತಿದ್ದಕೋ" ಎಂದೆ. ಇದರಲ್ಲಿ ನನ್ನ ಜಾಣತನವೇನೂ ಇರಲಿಲ್ಲ. ತಿದ್ದಬೇಕೆಂದರೆ ಪಕ್ಕದ ಮನೆಗಳನ್ನೆಲ್ಲ ಸರಿಸಬೇಕು, ಪಾದ ಮತ್ತೆ ಮಲಗಿಬಿಡುತ್ತದೆ, ಅಷ್ಟೇ. ಅಪ್ಪನಿಗೆ ಸಮಾಧಾನವಾಗಲಿಲ್ಲ. ತಂದೆಯ ತಪ್ಪು ತನ್ನ ಮಗಳ ಕಣ್ಣಿಗೆ ಬಿದ್ದದ್ದೇ ಅವನಿಗೆ ಸಂಕೋಚ. ಆಯಿಗೆ ಈ ಮಾತು ಹೇಳಬಾರದೆಂದು ಇಬ್ಬರೂ ಒಪ್ಪಿಕೊಂಡೆವು. ಗಂಡ ಕಟ್ಟಿದ ದಡಿಯಲ್ಲಿ ಐಬಿದೆ ಎಂದು ಈ ವಯಸ್ಸಿನಲ್ಲಿ ಯಾಕೆ ಕೇಳಿಸಬೇಕು?

ನಕ್ಷೆ ಮುಗಿಯುವ ಹೊತ್ತಿಗೆ ದಡಿಯೂ ಮುಗಿದಿತ್ತು. ಮೊದಲೇ ಮಡಿಕೆ ಮಡಿಕೆಗೆ ಪುಡಿಯಾಗಿದ್ದ ರೇಷ್ಮೆ. ನಾವು ಎಳೆ ಎಬ್ಬಿಸಿ ಎಬ್ಬಿಸಿ ಉಳಿದದ್ದನ್ನೂ ಹಿಂಜಿಬಿಟ್ಟಿದ್ದೆವು. ಓದಿದ ಹಾಗೆಲ್ಲ ಅಳಿಯುವ ಬರಹವಾಗಿತ್ತು ಅದು. ಅವ್ವ ಆ ಹಿಂಜನ್ನೂ ಸೀರೆಯ ಉಳಿದ ಬಟ್ಟೆಯನ್ನೂ ಸೇರಿಸಿ ಕೌದಿಯೊಳಗೆ ಹೊಲಿದುಬಿಟ್ಟಳು. ಅಕ್ಕ ಹೆತ್ತಳು. ಹೆಣ್ಣು ಕೂಸು. ಹೊಂಡದ ದಡಿ ಈಗ ಈ ಭೂಮಿಯ ಮೇಲೆ ಇದ್ದದ್ದು ನನ್ನ ಕಂಪ್ಯೂಟರಿನೊಳಗೆ ಮಾತ್ರ.

ಬೇರೆ ಕಡೆ ಒಂದು ಪ್ರತಿ ಇಟ್ಟುಕೊಳ್ಳಬಾರದಿತ್ತೇ ಎಂದು ನೀವು ಕೇಳಬಹುದು. ಮಗ್ಗದ ಮನೆಯ ಗಾಳಿಯಲ್ಲಿ ನೂಲಿನ ಹಿಂಜು ತೇಲುತ್ತಲೇ ಇರುತ್ತದೆ. ಅದು ಹೋಗಿ ಕೂತು ಫ್ಲಾಪಿ ಹಾಕುವ ಬಾಯಿ ಎಂದೋ ಮುಚ್ಚಿಹೋಗಿತ್ತು. ಪ್ರಿಂಟರ್ ನಮ್ಮಲ್ಲಿರಲಿಲ್ಲ. ದಡಿಯನ್ನು ಸೀರೆಯುದ್ದಕ್ಕೂ ಜೋಡಿಸಿ ಒಮ್ಮೆ ಪೂರ್ತಿ ಕಣ್ತುಂಬ ನೋಡಿ, ಆಮೇಲೆ ಯಂತ್ರವನ್ನೇ ಬಾಗಲಕೋಟೆಗೆ ಒಯ್ದು ಮುದ್ರಿಸಿಕೊಂಡು ಬರೋಣ ಎಂಬುದು ನನ್ನ ಆಸೆ. ಜೋಡಿಸಲು ಹೋದರೆ ಪಾದದ ಡೆಸ್ಕ್‌ಟಾಪ್ ಉಸಿರು ಕಟ್ಟಿ ನಿಂತುಬಿಡುತ್ತಿತ್ತು.

ಆಗ ಒಂದು ಪತ್ರಿಕೆಯಲ್ಲಿ ಓದಿದೆ. ಲಿನಕ್ಸಿಗೆ ಇದೊಂದೇ ಡೆಸ್ಕ್‌ಟಾಪ್ ಅಲ್ಲ, ಬೇರೆಯವೂ ಇವೆ, ಅವುಗಳಲ್ಲಿ ಒಂದು ಬಹಳ ಹಗುರ, ಹಳೆಯ ಯಂತ್ರಕ್ಕೆ ಹೇಳಿ ಮಾಡಿಸಿದ್ದು. ಅದರ ಗುರುತು ಇಲಿ. ಪತ್ರಿಕೆಯ ಜೊತೆ ಸಿಡಿಯೂ ಇತ್ತು. ನನಗೆ ಕುಣಿಯುವಂತಾಯಿತು. ಆಯಿಗೆ ಹೇಳಿದೆ. "ಆ ಹೊಟ್ಟಿ ಗಣಪ್ಪನ್ನ ಹೊರೂದ ಇಲಿ ಅಂದ ಮ್ಯಾಲ ನಿನ್ನ ಡಬ್ಬಿ ಯಾವ ಲೆಕ್ಕ" ಎಂದಳು.

ಅಮಾವಾಸ್ಯೆ ಬಂತು. ಅಂದು ನಮ್ಮ ಓಣಿಯಲ್ಲಿ ಮಗ್ಗದ ಸದ್ದಿರುವುದಿಲ್ಲ. ಮಗ್ಗ ಒರೆಸಿ, ಪೂಜೆ ಮಾಡಿ, ಹೋಳಿಗೆ ಉಂಡು ಮಲಗುವ ದಿನ. ನಾನು ಮಧ್ಯಾಹ್ನ ಊಟ ಮುಗಿಸಿ ಸಿಡಿ ಹಿಡಿದು ಕೂತೆ.

"ಅಮಾಸಿ ದಿನ ಹೊಸಾದಕ್ಕ ಕೈ ಹಚ್ಚಬ್ಯಾಡ" ಎಂದಳು ಅವ್ವ.

"ಇದೇನು ಮಗ್ಗ ಏನಬೇ?" ಎಂದು ನಾನು ರೇಗಿದೆ.

ಮಗ್ಗ ಅಲ್ಲ ಎಂದು ಬಾಯಲ್ಲಿ ಅಂದೆ. ಕೈ ಮಾತ್ರ ಅದನ್ನು ಮಗ್ಗವೆಂದೇ ತಿಳಿದಿತ್ತು. ನೇಕಾರರ ಮನೆಯಲ್ಲಿ ಹುಟ್ಟಿದವರಿಗೆ ಯಾರೂ ಕಲಿಸದೆ ಬರುವ ಒಂದು ಮಾತಿದೆ: ಒಂದು ಮಗ್ಗಕ್ಕೆ ಒಂದೇ ಹಾಸು. ಹಾಸು ಎಂದರೆ ಮಗ್ಗದ ಉದ್ದಕ್ಕೂ ಬಿಗಿದ ಎಳೆಗಳು. ಅದೇ ಥರದ ಸೀರೆಗಾದರೆ ಹಳೆಯ ಎಳೆಯ ತುದಿಗೆ ಹೊಸ ಎಳೆ ಕೂಡಿಸಿ ಮುಂದುವರಿಸಬಹುದು. ಬೇರೆಯದೇ ಸೀರೆ ಹೂಡಬೇಕಾದರೆ ಹಳೆಯ ಹಾಸನ್ನು ಪೂರಾ ಇಳಿಸಿ, ಮಗ್ಗ ಬೋಳು ಮಾಡಿ, ಒರೆಸಿ, ಆಮೇಲೆಯೇ ಹೊಸದು. ಹಳೆಯದು ಇರುವಾಗಲೇ ಅದರ ಮೇಲೆ ಹೊಸದನ್ನು ಹೂಡುವವರು ಇಳಕಲ್ಲಿನಲ್ಲಿ ಯಾರೂ ಇಲ್ಲ. ಇದ್ದರೆ ಅವರನ್ನು ಹುಚ್ಚರ ಲೆಕ್ಕಕ್ಕೆ ಹಾಕುತ್ತಾರೆ.

ನಾನು ಅಚ್ಚುಕಟ್ಟಾದ ನೇಕಾರರ ಮಗಳು. ಮೊದಲು ಪಾದವನ್ನು ತೆಗೆದೆ. ಅದಕ್ಕೆ ಸೇರಿದ್ದು ಏನೇನಿದೆಯೋ ಎಲ್ಲವನ್ನೂ ಗುರುತು ಹಾಕಿ ಹಾಕಿ ಕಿತ್ತುಹಾಕಿದೆ. ಯಂತ್ರ ಒಂದೆರಡು ಸಲ ನಿಜವಾಗಿಯೂ ಬೇಕಾ ಎಂದು ಕೇಳಿತು. ಬೇಕು ಎಂದೆ. ಮುಗಿಯಿತು ಎಂದ ಮೇಲೆ ಯಂತ್ರವನ್ನು ಆರಿಸಿ ಮತ್ತೆ ಹಚ್ಚಿದೆ.

ಪರದೆ ಕಪ್ಪಾಗಿ ಎದ್ದಿತು. ಕಿಟಕಿಯಿಲ್ಲ, ಪಟ್ಟಿಯಿಲ್ಲ, ಬಣ್ಣವಿಲ್ಲ. ಮೂಲೆಯಲ್ಲಿ ಬಿಳಿ ಅಕ್ಷರದ ಒಂದು ಸಾಲು ಹೆಸರು ಕೇಳುತ್ತಿತ್ತು. ಹೆಸರು ಕೊಟ್ಟೆ, ಗುಪ್ತಪದ ಕೊಟ್ಟೆ. ಮತ್ತೊಂದು ಸಾಲು ಬಂತು, ಅದರ ತುದಿಗೆ ಒಂದು ಗೆರೆ ಮಿಟುಕುತ್ತ ನಿಂತಿತು. ಮೌಸ್ ಅಲ್ಲಾಡಿಸಿದೆ, ಅಲ್ಲಾಡಲು ಅಲ್ಲಿ ಬಾಣವೇ ಇರಲಿಲ್ಲ. ಇಲಿಯ ಸಿಡಿ ಹಾಕಿದೆ. ಒಳಗೆ ಕರಕರ ಎಂದು ಹಲ್ಲು ಕಡಿದು ಸುಮ್ಮನಾಯಿತು. ಆ ಕಪ್ಪಿನ ನಡುವೆ ನನ್ನ ಪರಿಚಯದ್ದು ಎಂದು ಉಳಿದದ್ದು ಆಯಿಯ ಕುಂಕುಮದ ಬೊಟ್ಟು ಒಂದೇ.

ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದರು ಎನ್ನುತ್ತಾರೆ. ನಮ್ಮಲ್ಲಿ ಕೂಸೂ ಹುಟ್ಟಿತ್ತು, ಕೌದಿಯೂ ಆಗಿತ್ತು, ದಡಿಯನ್ನು ಮಾತ್ರ ನಾನು ಒರೆಸಿಹಾಕಿದ್ದೆ.

ಅಪ್ಪ ಎದ್ದು ಬಂದು ನನ್ನ ಹಿಂದೆ ನಿಂತ. ಅವನಿಗೆ ವಿವರಿಸುವುದೇ ಬೇಕಾಗಲಿಲ್ಲ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವನು ಬೈಯಲಿಲ್ಲ. ಕುಣಿಯ ಅಂಚಿನಲ್ಲಿ ಕೂತು ಖಾಲಿ ಕೈಯನ್ನು ತೊಡೆಯ ಮೇಲಿಟ್ಟುಕೊಂಡ. "ಆಯಿಗೆ ಹೇಳಬ್ಯಾಡ" ಎಂದಷ್ಟೇ ಅಂದ.

"ಯಾಕ ಎಲ್ಲಾರೂ ಸುಮ್ಮಾದ್ರಿ?" ಎಂದು ಆಯಿ ಗೋಡೆಯ ಕಡೆಯಿಂದ ಕೇಳಿದಳು.

ಎಸ್‌ಟಿಡಿ ಬೂತಿಗೆ ಹೋಗಿ ಬಾಗಲಕೋಟೆಯ ಸರ್‌ಗೆ ಫೋನ್ ಮಾಡಿದೆ. ಅಳುತ್ತ ಏನೇನೋ ಹೇಳಿದೆ. ಅವರು ಸಾವಕಾಶ ಕೇಳಿ, "ಟಿವಿಯಂಥಾದ್ದು ಅಲ್ಲೆ ಇರ್ಲಿ. ಕೆಳಗಿನ ಪೆಟ್ಟಿಗಿ ಅಷ್ಟ ತೊಗೊಂಡು ನಾಳೆ ಬಾ. ಮತ್ತ ಏನೂ ಒತ್ತಬ್ಯಾಡ ಅದಕ್ಕ" ಎಂದರು.

ಮರುದಿನ ಬೆಳಿಗ್ಗೆ ಅಪ್ಪನೂ ಹೊರಟ. ಮಾರಾಟಕ್ಕೆ ಸೀರೆ ಒಯ್ಯುವಾಗ ಕಟ್ಟುವ ದೊಡ್ಡ ಬಟ್ಟೆಯಲ್ಲಿ ಪೆಟ್ಟಿಗೆಯನ್ನು ಸುತ್ತಿ ಗಂಟು ಹಾಕಿದ. ಬಸ್ಸಿನಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡು ಎರಡೂ ಕೈಯಿಂದ ತಬ್ಬಿ ಕೂತ. ರಸ್ತೆಯ ತಗ್ಗು ಬಂದಾಗಲೆಲ್ಲ ಅದರ ಜೊತೆ ತಾನೂ ಮೇಲೆದ್ದು ಕೂರುತ್ತಿದ್ದ. ಕಂಡಕ್ಟರು ಬಂದು ಗಂಟನ್ನು ದಿಟ್ಟಿಸಿದ.

"ಏನ್ರಿ ಯಜಮಾನ್ರ ಅದು?"

"ನಮ್ಮವ್ವನ ಸೀರಿ ಐತ್ರಿ ಇದರಾಗ" ಎಂದ ಅಪ್ಪ.

ಕಂಡಕ್ಟರು ತಲೆಯಾಡಿಸಿ ಮುಂದೆ ಹೋದ. ಇಳಕಲ್ಲಿನ ಬಸ್ಸಿನಲ್ಲಿ ಸೀರೆಯ ಗಂಟು ಹೊಸದೇನಲ್ಲ. ನನಗೆ ನಗು ಬಂತು, ಅಪ್ಪನ ಮುಖ ನೋಡಿದೆ. ಅವನು ತಮಾಷೆ ಮಾಡಿರಲಿಲ್ಲ. ನಾನು ಕಿಟಕಿಯ ಕಡೆ ತಿರುಗಿ ಕಣ್ಣೊರೆಸಿಕೊಂಡೆ.

ಹುನಗುಂದ ದಾಟಿ ಅಮೀನಗಡದಲ್ಲಿ ಬಸ್ಸು ನಿಂತಾಗ ಅಪ್ಪ ಗಂಟನ್ನು ನನ್ನ ತೊಡೆಗಿಟ್ಟು ಇಳಿದು ಹೋಗಿ ಕರದಂಟು ತಂದ. ನಮಗಲ್ಲ, ಸರ್‌ಗೆ. ದವಾಖಾನೆಗೆ ಹೋಗುವಾಗ ಡಾಕ್ಟರಿಗೆ ಏನಾದರೂ ಒಯ್ಯುವ ಜನ ನಾವು.

ನವನಗರದ ಕಟ್ಟಡಕ್ಕೆ ಇನ್ನೂ ಸುಣ್ಣದ ವಾಸನೆ ಇತ್ತು. ಸರ್ ಅಪ್ಪನಿಗೆ ಕುರ್ಚಿ ಹಾಕಿದರು. ಅಪ್ಪ ಕೂರಲಿಲ್ಲ. ಪೆಟ್ಟಿಗೆಯನ್ನು ಅವರ ಪರದೆಗೆ ಜೋಡಿಸಿ ಹಚ್ಚಿದರು. ಅದೇ ಕಪ್ಪು, ಅದೇ ಮಿಟುಕು. ಸರ್ ಆ ಕಪ್ಪನ್ನು ಕಂಡು ಅಂಜಲಿಲ್ಲ. ಪರಿಚಯದವರ ಮನೆಗೆ ಹೋದವರಂತೆ ಆರಾಮಾಗಿ ಎರಡು ಅಕ್ಷರ ಒತ್ತಿ ಎಂಟರ್ ಕೊಟ್ಟರು.

ಹೆಸರುಗಳು ಬಂದವು. ಸಾಲಾಗಿ, ಸದ್ದಿಲ್ಲದೆ. ನಾನು ಕಲಿಯಲು ಬರೆದ ಪತ್ರಗಳು, ಅಕ್ಕನ ಸೀಮಂತದ ಕರೆಯೋಲೆ, ಅವುಗಳ ನಡುವೆ ಇಂಗ್ಲಿಷ್ ಅಕ್ಷರದಲ್ಲಿ ನಾನಿಟ್ಟಿದ್ದ ಹೆಸರು: ಹೊಂಡದ ದಡಿ.

"ಎಲ್ಲಿ ಹೋಗಿತ್ತು? ಇಲ್ಲೇ ಐತೆಲ್ಲ" ಎಂದರು ಸರ್.

ಇಷ್ಟು ದಿನ ನಾನು ಕಂಪ್ಯೂಟರ್ ಎಂದುಕೊಂಡದ್ದು ಅದರ ಮುಖವನ್ನು. ಕಿಟಕಿಗಳು ಹೋದರೆ ಒಳಗಿದ್ದವರೂ ಹೋದರು ಎಂದು ಅತ್ತಿದ್ದೆ. ಈ ಕಪ್ಪಿನ ಆಚೆ ಎಲ್ಲವೂ ತನ್ನ ತನ್ನ ಜಾಗದಲ್ಲಿ, ಕರೆದರೆ ಬರುವೆವು ಎಂದು ಕೂತಿತ್ತು. ನಾನು ಕಿತ್ತದ್ದರಿಂದ ಅದಕ್ಕೆ ಒಂದು ಎಳೆಯಷ್ಟೂ ನೋವಾಗಿರಲಿಲ್ಲ. ಆಮೇಲೆ ಎಷ್ಟೋ ಯಂತ್ರ ನೋಡಿದ್ದೇನೆ, ಎಷ್ಟೋ ಬಣ್ಣದ ಪರದೆ ನೋಡಿದ್ದೇನೆ. ಆ ಬಿಳಿ ಹೆಸರುಗಳು ಒಂದರ ಕೆಳಗೊಂದು ಬಂದಾಗ ಆದ ಬೆರಗು ಮತ್ತೆ ಆಗಿಲ್ಲ.

ಸರ್ ಪೆಟ್ಟಿಗೆಯ ಮುಚ್ಚಳ ಬಿಚ್ಚಿದರು. ಒಳಗೆ ಗುಬ್ಬಿ ಗೂಡು ಕಟ್ಟಿದಂತೆ ನೂಲಿನ ಹಿಂಜು. ಕೆಂಪು, ಹಸಿರು, ನಮ್ಮ ಮನೆಯ ಸೀರೆಗಳ ಬಣ್ಣವೆಲ್ಲ ಅಲ್ಲಿತ್ತು. "ಇದರಾಗೂ ಒಂದು ಕೌದಿ ಆಕ್ಕೈತ್ರಿ ಕಾಕಾ" ಎಂದರು. ಅಪ್ಪ ನಾಚಿಕೊಂಡು, "ನಮ್ಮ ಮನ್ಯಾಂದ್ರಿ ಅದು" ಎಂದ. ಕುಂಚದಿಂದ ಎಲ್ಲ ಜಾಡಿಸಿ, ಸಿಡಿಯ ಬಾಯನ್ನು ಒರೆಸಿದ ಮೇಲೆ ಇಲಿ ಕರಕರ ಎನ್ನದೆ ಒಳಗೆ ಹೋಯಿತು. ಅದು ಕೂತ ಮೇಲೆ ಸರ್ ನಾನು ಕಿತ್ತುಹಾಕಿದ್ದ ಪಾದವನ್ನೂ ವಾಪಸ್ ಹಾಕಿದರು.

"ಎರಡೂ ಯಾಕ್ರಿ ಸರ್? ಯಾವುದಾರ ಒಂದು ಇರ್ಬೇಕಲ್ರಿ?" ಎಂದೆ.

"ಯಾರು ಹೇಳಿದ್ರು? ಹತ್ತು ಇದ್ರೂ ನಡೀತೈತಿ. ಬಾಗಲದಾಗ ನಿಂತು ಯಾವುದು ಬೇಕೋ ಅದನ್ನ ಆರಿಸಿಕೊಂಡು ಒಳಗ ಹೋಗೂದು."

ತೋರಿಸಿದರು. ಒಳಗೆ ಹೋಗುವ ಮುನ್ನ ಹೆಸರು ಕೇಳುವ ಜಾಗದಲ್ಲಿ ಒಂದು ಸಣ್ಣ ಪಟ್ಟಿ. ಅದರಲ್ಲಿ ಪಾದ ಆರಿಸಿದರು, ಹೋದರು. ನನ್ನ ಹಳೆಯ ಪರದೆ ನಿಧಾನ ಕಣ್ಣು ಬಿಟ್ಟಿತು. ದಡಿ ತೆರೆದು ತೋರಿಸಿ ಹೊರಗೆ ಬಂದರು. ಇಲಿ ಆರಿಸಿದರು, ಹೋದರು. ಚಣದಲ್ಲಿ ಬೇರೆಯದೇ ಪರದೆ, ಬೇರೆ ಬಣ್ಣ, ಬೇರೆ ಪಟ್ಟಿ. ದಡಿ ತೆರೆದರು. ಅದೇ ದಡಿ.

ಅಪ್ಪ ಮುಂದೆ ಬಂದು ಕೇಳಿದ, "ಒಂದ ಮಗ್ಗದ ಮ್ಯಾಲ ಎರಡು ಹಾಸು ಹ್ಯಾಂಗ ಕೂಡತಾವ್ರಿ?"

ಸರ್ ಪರದೆಯ ಕಡೆ ಕೈ ತೋರಿಸಿ ಹೇಳಿದರು, "ಇವು ಹಾಸಲ್ರಿ ಕಾಕಾ. ಹಾಸು ಒಳಗ ಐತಿ, ಅದು ಒಂದ. ಇವು ಅದನ್ನ ನೋಡೂ ಕಿಟಕಿ. ಕಿಟಕಿ ಬದಲ ಮಾಡಿದ್ರ ಮಗ್ಗದ ಮ್ಯಾಲಿನ ಸೀರಿಗೆ ಏನಾಕ್ಕೈತಿ?"

"ಇನ್ನೊಮ್ಮೆ ಮಾಡ್ರಿ" ಎಂದ ಅಪ್ಪ. ಮಾಡಿದರು. ಪಾದ, ದಡಿ, ಹೊರಗೆ. ಇಲಿ, ದಡಿ, ಹೊರಗೆ. "ಮತ್ತೊಮ್ಮೆ ಮಾಡ್ರಿ." ಸರ್ ಬೇಸರವಿಲ್ಲದೆ ಮಾಡಿದರು. ಜೀವಮಾನವಿಡೀ ಒಂದು ಹಾಸು ಇಳಿಸದೆ ಇನ್ನೊಂದು ಹೂಡದ ನನ್ನಪ್ಪ, ಬಾಯಿ ಸ್ವಲ್ಪ ತೆರೆದು, ದೇವರ ಗುಡಿಯಲ್ಲಿ ನಿಂತವನ ಹಾಗೆ ನಿಂತಿದ್ದ. ಅವನ ಕೈಗಳು ತಾವಾಗಿ ಎದೆಯ ಹತ್ತಿರ ಕೂಡಿದ್ದವು. ಅದನ್ನು ಅವನು ಗಮನಿಸಿರಲಿಲ್ಲ. ನಾನೂ ನಗಲಿಲ್ಲ.

ಇಲಿಯ ಪರದೆಯಲ್ಲಿ ನಾನು ದಡಿಯನ್ನು ಉದ್ದಕ್ಕೂ ಜೋಡಿಸಿದೆ. ಉಸಿರು ಕಟ್ಟಲಿಲ್ಲ. ಸರಿಸಿದರೆ ಸರಸರ ಹರಿಯಿತು. ಮೆಟ್ಟಿಲು, ನೀರು, ಗಿಣಿ, ಮೆಟ್ಟಿಲು, ನೀರು, ಗಿಣಿ. ಮುತ್ಯಾ ಎಂದೋ ನೇಯ್ದು, ಆಯಿ ಉಟ್ಟು ಸವೆಸಿ, ನಾವು ಹಿಂಜಿ ಮುಗಿಸಿದ್ದು ಬಾಗಲಕೋಟೆಯ ಹಗಲಿನಲ್ಲಿ ನಮ್ಮ ಮುಂದೆ ಓಡುತ್ತಿತ್ತು.

"ನಿಲ್ಲಸು" ಎಂದ ಅಪ್ಪ. ಬೆರಳು ಪರದೆಗೆ ತಾಗಿಸಿ ಎಡಗಡೆಯ ಮೆಟ್ಟಿಲು ಎಣಿಸಿದ. ಬಲಗಡೆಯದನ್ನು ಎಣಿಸಿದ. "ಐತಿ. ತಪ್ಪೂ ಹಂಗ ಐತಿ."

ತಿದ್ದು ತಿದ್ದು ಎಂದು ನನ್ನ ಬೆನ್ನು ಬಿದ್ದಿದ್ದವನು, ಆ ತಪ್ಪನ್ನು ಕಂಡ ಮೇಲೆಯೇ ಇದು ತನ್ನ ತಂದೆಯ ದಡಿ ಎಂದು ನಂಬಿದ. ಆಮೇಲೆ ಕುರ್ಚಿಯಲ್ಲಿ ಕೂತ. ಕರದಂಟಿನ ಪೊಟ್ಟಣ ಬಿಚ್ಚಿ ಸರ್‌ಗೆ ಕೊಟ್ಟು ತಾನೂ ಒಂದು ಚೂರು ಬಾಯಿಗೆ ಹಾಕಿಕೊಂಡು, "ಗುಡ್ಡಾ ಅಗದು ಇಲಿ ಹಿಡದಂಗಾತು. ಖರೆ, ಇಲಿ ಮಾತ್ರ ಭಾಳ ಚಲೋದು ಸಿಕ್ತು" ಎಂದ.

ಉದ್ದನೆಯ ಹಾಳೆಯ ಮೇಲೆ ದಡಿಯನ್ನು ಮುದ್ರಿಸಿಕೊಂಡು ಊರಿಗೆ ಬಂದೆವು. ಮುದ್ರಿಸಿದ ಒಂದೊಂದು ಸಾಲಿಗೆ, ಮಗ್ಗದ ಮೇಲೆ ಕೂತು ಎಳೆ ಎತ್ತುವ ಡಾಬಿ ಯಂತ್ರಕ್ಕೆ ಒಂದೊಂದು ಮರದ ಪಟ್ಟಿ. ಎತ್ತು ಎಂದಲ್ಲಿ ಮೊಳೆ, ಬಿಡು ಎಂದಲ್ಲಿ ಖಾಲಿ ತೂತು. ಈ ಸಲ ಕೂಗುವವಳು ನಾನು, ಮೊಳೆ ಹೂಡುವವನು ಅಪ್ಪ. ಮೆಟ್ಟಿಲು ಬಿಟ್ಟುಹೋದ ಜಾಗ ಬಂದಾಗ ನಾನು ಕೂಗುವುದನ್ನು ನಿಲ್ಲಿಸಿ, "ಇಲ್ಲೆ ತಿದ್ದತೀ ಏನು?" ಎಂದು ಕೇಳಿದೆ. ಅಪ್ಪ ಮೊಳೆಯನ್ನು ಬೆರಳಲ್ಲಿ ಹೊರಳಿಸಿದ. "ಆವತ್ತು ಅದನ್ನ ಹುಡುಕಿದ್ನೆಲ್ಲ, ಈಗ ತಗಿಯಾಕ ಮನಸ ಬರವಲ್ದು. ಕೂಗು" ಎಂದ.

ದಡಿ ಒಂದು ಮೊಳ ನೇಯ್ದಾದ ದಿನ ಅಪ್ಪ ಕುಣಿಯಿಂದಲೇ ಕರೆದ, "ಅವ್ವಾ, ಬಾ ಇಲ್ಲೆ." ನನ್ನವ್ವ ಆಯಿಯನ್ನು ಕೈಹಿಡಿದು ತಂದು ಮಗ್ಗದ ಪಕ್ಕಕ್ಕೆ ಕೂರಿಸಿದಳು. ಅಕ್ಕ ಕೌದಿಯೊಳಗೆ ಕೂಸನ್ನು ಸುತ್ತಿಕೊಂಡು ಬಂದು ನಿಂತಳು. ಆಯಿ ಸೆರಗಿಗೆ ಕೈ ಒರೆಸಿಕೊಂಡು ಹೆಬ್ಬೆರಳನ್ನು ದಡಿಯ ಮೇಲಿಟ್ಟಳು. ಬೆರಳು ಗಿಣಿಯ ಬೆನ್ನು ಸವರಿತು. ಎಡಗಡೆಯ ಮೆಟ್ಟಿಲುಗಳನ್ನು ಒಂದೊಂದೇ ಇಳಿಯಿತು. ನೀರು ದಾಟಿತು. ಬಲಗಡೆ ಹತ್ತತೊಡಗಿತು, ನಡುವೆ ನಿಂತಿತು.

ಅಪ್ಪ ನನ್ನ ಮುಖ ನೋಡಿದ. ನಾನು ಅಪ್ಪನ ಮುಖ ನೋಡಿದೆ. "ಅವ್ವಾ, ಅದು ಅಪ್ಪಂದು..." ಎಂದು ಅವನು ಶುರು ಮಾಡುವಷ್ಟರಲ್ಲಿ ಆಯಿ ನಗತೊಡಗಿದಳು. ಹಲ್ಲಿಲ್ಲದ ಬಾಯಿ ತುಂಬ, ಮೈ ಕುಲುಕುವಂತೆ ನಕ್ಕಳು. ಆಮೇಲೆ ಅದೇ ಜಾಗವನ್ನು ಮತ್ತೊಮ್ಮೆ ಮುಟ್ಟಿದಳು.

"ಐತಿ ನೋಡು, ಇಲ್ಲೇ ಐತಿ" ಎಂದಳು. "ಹೊಂಡದಾಗ ಕಾಲು ಜಾರಿ ಬಿದ್ದಿದ್ನೆವಾ ನಾ. ಬಲಗಡೆ ಮೆಟ್ಟಲಾ, ಪಾಚಿ ಕಟ್ಟಿತ್ತು. ಕಾಲ ಉಳುಕಿತು. ನಿಮ್ಮ ಮುತ್ಯಾ ಮಂದಿ ಮುಂದ ನನ್ನ ಹೊತಗೊಂಡ ಮ್ಯಾಲ ತಂದ, ನಾಚಿಕಿಲ್ಲದಾಂವ. ಮುಂದ ಈ ಸೀರಿ ನೇಯ್ದು ನನ್ನ ಉಡಿಯಾಗ ಹಾಕಿ ಏನಂದ ಗೊತ್ತೈತೇನು? 'ನೀ ಜಾರಿದ್ದ ಮೆಟ್ಟಲಾ ತಗದೇನಿ ನೋಡು. ಇನ್ನ ನೀ ಎಂದೂ ಬೀಳೂದಿಲ್ಲ' ಅಂದ."

ಕೌದಿಯೊಳಗೆ ಕೂಸು ಸಣ್ಣಗೆ ಮುಲುಗಿತು. ಅಪ್ಪ ಲಾಳಿ ಕೆಳಗಿಟ್ಟು, ತನ್ನ ತಾಯಿಯ ಬೆರಳಿನ ಪಕ್ಕದಲ್ಲಿ ತನ್ನ ಬೆರಳಿಟ್ಟು, ಮೆಟ್ಟಿಲಿಲ್ಲದ ಆ ಜಾಗವನ್ನು ಮುಟ್ಟಿದ. ಮುಖವೇ ನೆನಪಿಲ್ಲದ ತಂದೆ ಅಲ್ಲಿ ಸಿಕ್ಕವನಂತೆ ಬಹಳ ಹೊತ್ತು ಬೆರಳು ತೆಗೆಯಲಿಲ್ಲ.

ಆಯಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಆಮೇಲೆ ಏನೋ ಹೊಳೆದವಳಂತೆ ಮಗನ ಕಡೆ ಮುಖ ಮಾಡಿದಳು.

"ನೀ ಮತ್ತ ಇದನ್ನ ತಪ್ಪು ಅಂತ ತಿದ್ದಬೇಕು ಮಾಡಿದ್ದಿ ಏನಲೇ?"

"ಏ, ಇಲ್ಲಬೇ ಅವ್ವಾ" ಎಂದ ಅಪ್ಪ, ನನ್ನ ಕಡೆ ನೋಡದೆ.